ಬಿಸಾಕೋಕೆ ಅಂತ ಮಾಡಿದ ಬೋರ್ಡಿಗೆ ಸಾವಿರಾರು ಡಾಲರ್

ಅಮೆರಿಕದಲ್ಲಿ ಕಪ್ಪು ಜನ ಸಮಾನ ಹಕ್ಕಿಗಾಗಿ ನಡೆಸಿದ ನಾಗರಿಕ ಹಕ್ಕು ಚಳವಳಿ ಕಾಲದ ಪ್ಲೆಕಾರ್ಡು (ಮೆರವಣಿಗೇಲಿ ಹಿಡಿಯೋ ಬೋರ್ಡು), ಬ್ಯಾಡ್ಜು, ಕರಪತ್ರಕ್ಕೆಲ್ಲ ಈಗ ಹರಾಜಲ್ಲಿ ಭಾರೀ ಡಿಮ್ಯಾಂಡು. ಮಜಾ ಅಂದ್ರೆ ಇವ್ಯಾವ್ದೂ ಎತ್ತಿಡೋಕೆ ಮಾಡಿದ್ದಲ್ಲ, ಮೆರವಣಿಗೆ ಮುಗಿದ್ಮೇಲೆ ಕಸಕ್ಕೆ ಹೋಗಿದ್ದೇ ಹೆಚ್ಚು, ಅದಕ್ಕೇ ಉಳ್ಕೊಂಡಿದ್ದಕ್ಕೆ ಈ ರೇಟು.

1963 ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಗೆ ಸುಮಾರು ಎರಡೂವರೆ ಲಕ್ಷ ಜನ ಸೇರಿದ್ರು. ಅದರ ಸಂಘಟಕ ಬಯಾರ್ಡ್ ರಸ್ಟಿನ್ ಪ್ಲಾನಿಂಗ್ ಎಷ್ಟು ಪಕ್ಕಾ ಅಂದ್ರೆ ಬೋರ್ಡ್ ಮೇಲೆ ಏನಿರ್ಬೇಕು ಅನ್ನೋದನ್ನೂ ಕಮಿಟಿನೇ ಡಿಸೈಡ್ ಮಾಡಿತ್ತು. ಕಪ್ಪು ಕೈ ಬಿಳಿ ಕೈ ಹಿಡ್ಕೊಂಡಿರೋ ಬ್ಯಾಡ್ಜನ್ನ 25 ಸೆಂಟಿಗೊಂದರಂತೆ ಮಾರಿ ಖರ್ಚಿಗೆ ದುಡ್ಡು ಹೊಂದಿಸಿದ್ರು.

ಆದ್ರೆ ಕಲೆಕ್ಟರ್‌ಗಳು ಮುಗಿಬೀಳೋದು ಟೆನೆಸ್ಸೀ ರಾಜ್ಯದ ಮೆಂಫಿಸ್ ಅನ್ನೋ ಊರಿನ ಪೌರಕಾರ್ಮಿಕರ ಸ್ಟ್ರೈಕಿನ ಬೋರ್ಡಿಗೆ. 1968 ಫೆಬ್ರವರಿ 1ರಂದು ಮಳೆ ಅಂತ ಕಸದ ಲಾರಿ ಹಿಂದೆ ಸೇರ್ಕೊಂಡಿದ್ದ ಎಕಲ್ ಕೋಲ್, ರಾಬರ್ಟ್ ವಾಕರ್ ಅನ್ನೋ ಇಬ್ಬರು ಪೌರಕಾರ್ಮಿಕರು ಕಸ ಒತ್ತೋ ಮಷಿನ್ನಿಗೆ ಸಿಕ್ಕಿ ಸತ್ರು, 12ನೇ ತಾರೀಖು 1300 ಜನ ಕೆಲಸ ನಿಲ್ಲಿಸಿದ್ರು. ಮೊಮ್ಮಕ್ಕಳಿರೋ ಕಪ್ಪು ಗಂಡಸನ್ನೂ ಬಿಳಿಯರು "ಏಯ್ ಹುಡ್ಗ" ಅಂತಾನೇ ಕರೀತಿದ್ದ ಕಾಲ ಅದು. ಅದಕ್ಕೆ ಉತ್ತರ ಅನ್ನೋ ಹಾಗೆ ಕ್ಲೇಬೋರ್ನ್ ಟೆಂಪಲ್ ಅನ್ನೋ ಚರ್ಚಲ್ಲೇ (ರಿಪೇರಿ ನಡೀತಿರುವಾಗ್ಲೇ 2025ರ ಏಪ್ರಿಲ್‌ನಲ್ಲಿ ಸುಟ್ಟುಹೋಯ್ತಲ್ಲ, ಅದೇ) 'ಐ ಆಮ್ ಎ ಮ್ಯಾನ್' (ನಾನು ಹುಡ್ಗ ಅಲ್ಲ, ಗಂಡಸು ಅಂತ) ಬೋರ್ಡು ಅಚ್ಚಾಯ್ತು, ದಪ್ಪ ಕಪ್ಪಕ್ಷರ, 'ಆಮ್' ಕೆಳಗೊಂದು ಗೆರೆ, ಅಷ್ಟೇ. ಸಂಬಳದ ಮಾತಿಲ್ಲ, ಯೂನಿಯನ್ ಹೆಸರೂ ಇಲ್ಲ.

ಮಾರ್ಚ್ 28ರಂದು ಚಳವಳಿ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಬಂದಿದ್ದ ಮೆರವಣಿಗೇಲಿ ಬೋರ್ಡಿಗೆ ಮರದ ಕೋಲಿತ್ತು. ಕೆಲವರು ಅದೇ ಕೋಲಲ್ಲಿ ಅಂಗಡಿ ಗಾಜು ಒಡೆದ್ರು, ಪೊಲೀಸರು ನುಗ್ಗಿದ್ರು, ಲ್ಯಾರಿ ಪೇನ್ ಅನ್ನೋ 16 ವರ್ಷದ ಹುಡುಗ ಪೊಲೀಸ್ ಗುಂಡಿಗೆ ಸತ್ತ. ಮಾರನೇ ದಿನದ ಫೋಟೋ ನೋಡಿ, ಬೋರ್ಡು ಕುತ್ತಿಗೆಯಿಂದ ಎದೆ ಮೇಲೆ ನೇತಾಡ್ತಿದೆ, ಒಂದ್ಕಡೆ ಬಯೋನೆಟ್ ಹಿಡಿದ ಸೈನಿಕರು, ಇನ್ನೊಂದ್ಕಡೆ ಟ್ಯಾಂಕಿನಂಥ ಸೇನಾ ವಾಹನ, ಮಧ್ಯೆ ಸಾಲಾಗಿ ನಡೀತಿರೋ ಕಸದ ಕೆಲಸದವರು. ಏಪ್ರಿಲ್ 4ಕ್ಕೆ ಕಿಂಗ್ ಕೊಲೆ ಆಯ್ತು, 8ಕ್ಕೆ ಅವರ ಹೆಂಡತಿ ಕೊರೆಟಾ ನಡೆಸಿದ ಮೌನ ಮೆರವಣಿಗೇಲಿ 'ಆನರ್ ಕಿಂಗ್: ಎಂಡ್ ರೇಸಿಸಂ' (ಕಿಂಗ್‌ಗೆ ಗೌರವ ಕೊಡಿ, ವರ್ಣಭೇದ ನಿಲ್ಲಿಸಿ) ಅನ್ನೋ ಹೊಸ ಬೋರ್ಡು ಬಂತು, 16ಕ್ಕೆ ಸ್ಟ್ರೈಕ್ ಮುಗೀತು.

ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲೂ ಮೆಂಫಿಸ್ ಬೋರ್ಡಿದೆ. ಹೊರಗಡೆ ಕೊಳ್ಳೋರು ಮಾತ್ರ ಹುಷಾರಾಗಿರ್ಬೇಕು, ರೀಪ್ರಿಂಟ್ ರಾಶಿ ರಾಶಿ ಇದೆ. ನಾನಾಗಿದ್ರೆ ಅಕ್ಷರಕ್ಕಿಂತ ಮೊದ್ಲು ಕೋಲಿಗೆ ಹೊಡೆದ ಪಿನ್ನಿನ ಗುರುತೋ ದಾರದ ತೂತೋ ಇದೆಯಾ ನೋಡ್ತೀನಿ, ಮಡಿಕೆ, ಕಲೆ ಏನೂ ಇಲ್ದೆ ಫಳಫಳ ಅಂತಿದ್ರೆ ಡೌಟೇ.