ವೈಫೈ ಫುಲ್ ಇದ್ದರೂ ಇಂಟರ್ನೆಟ್ ಯಾಕೆ ಬರುವುದಿಲ್ಲ?

ಓದುಗರ ಪ್ರಶ್ನೆ: ನಮ್ಮ ಮನೆ ಮೂಡಿಗೆರೆ ಹತ್ತಿರ, ತೋಟದೊಳಗೆ ಇದೆ. ಫೈಬರ್ ಕನೆಕ್ಷನ್ ಹಾಕಿಸಿದ್ದೇವೆ. ಮಳೆಗಾಲ ಶುರುವಾದರೆ ಸಾಕು, ಮೊಬೈಲಿನಲ್ಲಿ ವೈಫೈ ಗೆರೆ ಪೂರ್ತಿ ಇರುತ್ತದೆ, ಆದರೆ ಒಂದು ವಾಟ್ಸಾಪ್ ಮೆಸೇಜೂ ಹೋಗುವುದಿಲ್ಲ. ಕಂಪ್ಲೇಂಟ್ ಕೊಟ್ಟರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಅನ್ನುತ್ತಾರೆ. ವೈಫೈ ಇದ್ದ ಮೇಲೆ ನೆಟ್ ಇರಬೇಕು ಅಲ್ವಾ?

ಉತ್ತರ: ಇರಲೇಬೇಕು ಅಂತೇನಿಲ್ಲ. ಆ ಗೆರೆಗಳು ಹೇಳುವುದು ಒಂದೇ ಮಾತು: ನಿಮ್ಮ ಫೋನಿಗೂ ಮನೆಯ ರೂಟರಿಗೂ ನಡುವೆ ಸಿಗ್ನಲ್ ಚೆನ್ನಾಗಿದೆ. ರೂಟರಿನಿಂದ ಆಚೆ ಏನಾಗಿದೆ ಅನ್ನುವುದು ಅವುಗಳಲ್ಲಿ ಕಾಣುವುದಿಲ್ಲ. ರಸ್ತೆ ಬದಿಯಲ್ಲಿ ಮರ ಬಿದ್ದು ಕೇಬಲ್ ತುಂಡಾಗಿದ್ದರೂ ರೂಟರಿಗೆ ಕರೆಂಟ್ ಇರುವವರೆಗೆ ಗೆರೆ ಪೂರ್ತಿಯೇ ಇರುತ್ತದೆ. ಈಗಿನ ಫೋನುಗಳು ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ತೋರಿಸುತ್ತವೆ. ವೈಫೈ ಸಿಕ್ಕಿದೆ, ಇಂಟರ್ನೆಟ್ ಸಿಗುತ್ತಿಲ್ಲ ಅಂತ ಅದರ ಅರ್ಥ.

ಮನೆಯೊಳಗಿನ ಜಾಲಕ್ಕೆ ಲ್ಯಾನ್ ಅನ್ನುತ್ತಾರೆ. ಫೋನು, ಟಿವಿ, ಲ್ಯಾಪ್‌ಟಾಪ್, ಪ್ರಿಂಟರ್ ಎಲ್ಲ ಇದರೊಳಗೆ ಒಂದಕ್ಕೊಂದು ಮಾತಾಡಬಲ್ಲವು. ಅದಕ್ಕೆ ಇಂಟರ್ನೆಟ್ ಬೇಕಾಗಿಯೇ ಇಲ್ಲ. ನೀವೇ ನೋಡಬಹುದು. ನೆಟ್ ಹೋದಾಗ ಬ್ರೌಸರಿನಲ್ಲಿ 192.168.1.1 ಅಂತ ಟೈಪ್ ಮಾಡಿ. ಕೆಲವು ರೂಟರಿಗೆ 192.168.0.1 ಇರುತ್ತದೆ, ಕೆಳಗಡೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತಾರೆ. ರೂಟರಿನ ಲಾಗಿನ್ ಪುಟ ತೆರೆದುಕೊಂಡರೆ ಮನೆಯೊಳಗಿನ ಜಾಲ ಸರಿಯಾಗಿದೆ, ತೊಂದರೆ ಅದರಾಚೆ ಇದೆ.

ಇನ್ನು ಆ ಡಬ್ಬಿಯ ದೀಪಗಳನ್ನು ನೋಡಿ. ನನಗೆ ಕೇಳಿದರೆ, ಫೈಬರ್ ಹಾಕಿಸಿದ ಪ್ರತಿ ಮನೆಯಲ್ಲೂ ಎಲ್ಲರಿಗೂ ಗೊತ್ತಿರಬೇಕಾದ ವಿಷಯ ಇದು. ಫೈಬರ್ ಕೇಬಲ್ಲಿನೊಳಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಇದೆ. ಅದರಲ್ಲಿ ಹರಿಯುವುದು ಕರೆಂಟ್ ಅಲ್ಲ, ಬೆಳಕು. ಆ ಬೆಳಕನ್ನು ಓದುವ ಭಾಗಕ್ಕೆ ಓಎನ್‌ಟಿ ಅನ್ನುತ್ತಾರೆ. ಈಗ ಬಹಳಷ್ಟು ಮನೆಗಳಲ್ಲಿ ಓಎನ್‌ಟಿ, ರೂಟರ್ ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ. ಅದಕ್ಕೇ ನಾವು ಎಲ್ಲವನ್ನೂ ಸೇರಿಸಿ ಸುಮ್ನೆ ‘ವೈಫೈ ಬಾಕ್ಸ್’ ಅಂದುಬಿಡುತ್ತೇವೆ.

ಡಬ್ಬಿಯ ಮೇಲೆ ಎಲ್‌ಓಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕು ನಿಮ್ಮ ಮನೆಗೆ ತಲುಪುತ್ತಲೇ ಇಲ್ಲ, ಅಥವಾ ತೀರಾ ಕಡಿಮೆ ಬರುತ್ತಿದೆ. ಕೇಬಲ್ ಕಡಿದಿರಬಹುದು, ಇಲಿ ಕಚ್ಚಿರಬಹುದು, ಎಲ್ಲೋ ಜಾಸ್ತಿ ಬಾಗಿರಬಹುದು. ಗಾಜಿನ ಎಳೆ ಚೂಪಾಗಿ ಬಾಗಿದರೆ ಬೆಳಕು ಅಲ್ಲೇ ಸೋರಿ ಹೋಗುತ್ತದೆ. ಹಾಗಾಗಿ ಉಳಿದ ವೈರನ್ನು ಬಿಗಿಯಾಗಿ ಸುತ್ತಿ ಮೊಳೆಗೆ ಕಟ್ಟಬೇಡಿ. ಎಲ್‌ಓಎಸ್ ಕೆಂಪಿದ್ದಾಗ ಎಷ್ಟು ಸಲ ಆಫ್ ಆನ್ ಮಾಡಿದರೂ ಕಡಿದ ಕೇಬಲ್ ಕೂಡಿಕೊಳ್ಳುವುದಿಲ್ಲ. ಫೋನ್ ಮಾಡಿದಾಗ ‘ನೆಟ್ ಬರ್ತಿಲ್ಲ’ ಅನ್ನುವ ಬದಲು ‘ಎಲ್‌ಓಎಸ್ ಲೈಟ್ ಕೆಂಪಾಗಿದೆ’ ಅನ್ನಿ. ಆಗ ಕೇಬಲ್ ನೋಡುವವರನ್ನೇ ಕಳಿಸಬೇಕು ಅಂತ ಅವರಿಗೆ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಬಿಚ್ಚಿದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಮಕ್ಕಳಿಗೂ ಬಿಡಬೇಡಿ. ಅದರಲ್ಲಿರುವುದು ಕಣ್ಣಿಗೆ ಕಾಣದ ಲೇಸರ್.

ಪಾನ್ ಎಂಬ ದೀಪ ಹಸಿರಾಗಿ ನಿಂತಿದ್ದರೆ ಬೆಳಕು ಬಂದಿದೆ. ಆಗಲೂ ನೆಟ್ ಇಲ್ಲದಿದ್ದರೆ ಲಾಗಿನ್ ತಪ್ಪಿರಬಹುದು, ಪ್ಲಾನ್ ಮುಗಿದಿರಬಹುದು, ರೂಟರ್ ಸಿಕ್ಕಿಹಾಕಿಕೊಂಡಿರಬಹುದು, ಇಲ್ಲವೇ ಕಂಪನಿಯ ಕಡೆಯೇ ತೊಂದರೆ ಇರಬಹುದು. ಆಫ್ ಆನ್ ಮಾಡಿ ನೋಡುವುದಕ್ಕೆ ಅರ್ಥ ಇರುವುದು ಇಲ್ಲಿ.

ಪಾನ್ ಅಂದರೆ ಪ್ಯಾಸಿವ್ ಆಪ್ಟಿಕಲ್ ನೆಟ್‌ವರ್ಕ್. ಕಂಪನಿಯ ಕಡೆ ಓಎಲ್‌ಟಿ ಎಂಬ ಯಂತ್ರ ಇರುತ್ತದೆ. ಅಲ್ಲಿಂದ ಹೊರಟ ಒಂದೇ ಎಳೆಯ ಬೆಳಕನ್ನು ದಾರಿಯಲ್ಲಿ ಸ್ಪ್ಲಿಟರ್ ಎಂಬ ಸಣ್ಣ ಸಾಧನ 32 ಅಥವಾ 64 ಮನೆಗೆ ಹಂಚುತ್ತದೆ. ಈ ಸ್ಪ್ಲಿಟರಿಗೆ ಕರೆಂಟೇ ಬೇಡ. ಮಲೆನಾಡಿನವರಿಗೆ ಇದು ತುಂಬಾ ಉಪಯೋಗದ ಮಾತು. ದಾರಿಯುದ್ದಕ್ಕೂ ಕರೆಂಟ್ ಹೋಗಿದ್ದರೂ ಆ ಕಡೆ ಓಎಲ್‌ಟಿಗೆ ಬ್ಯಾಟರಿ, ಈ ಕಡೆ ನಿಮ್ಮ ಡಬ್ಬಿಗೆ ಒಂದು ಸಣ್ಣ ಯುಪಿಎಸ್ ಇದ್ದರೆ ನೆಟ್ ನಡೆಯುತ್ತದೆ. ಕೆಲವು ಕಡೆ ನಡುವೆ ಕರೆಂಟ್ ಬೇಕಾಗುವ ಪೆಟ್ಟಿಗೆಗಳನ್ನೂ ಹಾಕಿರುತ್ತಾರೆ. ಕನೆಕ್ಷನ್ ತೆಗೆದುಕೊಳ್ಳುವ ಮುಂಚೆ ‘ನಿಮ್ಮ ಓಎಲ್‌ಟಿ ಎಲ್ಲಿದೆ, ಬ್ಯಾಕಪ್ ಎಷ್ಟು ಹೊತ್ತು ಬರುತ್ತದೆ’ ಅಂತ ಕೇಳಿಯೇ ಕೇಳಿ. 100 ಎಂಬಿಪಿಎಸ್ಸೋ 200 ಎಂಬಿಪಿಎಸ್ಸೋ ಅನ್ನುವುದಕ್ಕಿಂತ ಜುಲೈ ತಿಂಗಳಲ್ಲಿ ಇದೇ ಮುಖ್ಯ.

ತೋಟದ ಮನೆಯವರು ಕೇಳುವ ಇನ್ನೊಂದು ಪ್ರಶ್ನೆಯೂ ಇದಕ್ಕೆ ಹತ್ತಿರದ್ದೇ: ಸಿಸಿಟಿವಿ ಮನೆಯಲ್ಲಿದ್ದಾಗ ಕಾಣುತ್ತದೆ, ಚಿಕ್ಕಮಗಳೂರು ಪೇಟೆಗೆ ಹೋದರೆ ಯಾಕೆ ಕಾಣುವುದಿಲ್ಲ? ಇಲ್ಲಿ ಐಪಿ ಅಡ್ರೆಸ್ ಬರುತ್ತದೆ. ಜಾಲದಲ್ಲಿರುವ ಪ್ರತಿ ಸಾಧನಕ್ಕೂ ಒಂದು ಸಂಖ್ಯೆಯ ವಿಳಾಸ ಬೇಕು. ಹಳೆಯ ಐಪಿವಿ4 ಪದ್ಧತಿಯಲ್ಲಿ ಸುಮಾರು 430 ಕೋಟಿ ವಿಳಾಸಗಳಷ್ಟೇ ಸಾಧ್ಯ, ಪ್ರಪಂಚಕ್ಕೆ ಅದು ಸಾಲುವುದಿಲ್ಲ. ಹಾಗಾಗಿ ಮನೆಯೊಳಗೆ 192.168 ಎಂದು ಶುರುವಾಗುವ ಖಾಸಗಿ ವಿಳಾಸ ಕೊಟ್ಟು, ಹೊರಗಡೆಗೆ ಒಂದೇ ವಿಳಾಸ ತೋರಿಸುತ್ತಾರೆ. ಎಸ್ಟೇಟಿನ ಹೆಸರಿಗೆ ಬಂದ ಕಾಗದವನ್ನು ರೈಟರು ನೋಡಿ ಯಾವ ಲೈನ್ ಮನೆಗೆ ಸೇರಬೇಕೋ ಅಲ್ಲಿಗೆ ಮುಟ್ಟಿಸುತ್ತಾರಲ್ಲ, ರೂಟರ್ ಮಾಡುವುದು ಅದೇ ಕೆಲಸ. ಇದಕ್ಕೆ ನ್ಯಾಟ್ ಅನ್ನುತ್ತಾರೆ. ಒಳಗಿನಿಂದ ಹೋದ ಕೋರಿಕೆಗೆ ಬಂದ ಉತ್ತರ ಸರಿಯಾಗಿ ಸೇರುತ್ತದೆ. ಹೊರಗಿನಿಂದ ತಾನಾಗಿ ಬಂದ ಕೋರಿಕೆಯನ್ನು ಯಾರಿಗೆ ಕೊಡಬೇಕು ಅಂತ ರೂಟರಿಗೆ ಗೊತ್ತಾಗುವುದಿಲ್ಲ. ಎಷ್ಟೋ ಕಂಪನಿಗಳು ಹಲವು ಮನೆಗಳನ್ನು ಸೇರಿಸಿ ಒಂದೇ ಹೊರವಿಳಾಸದ ಹಿಂದೆ ಇಡುತ್ತವೆ. ಆಗ ನಿಮ್ಮ ರೂಟರಿನಲ್ಲಿ ಏನು ಬದಲಾಯಿಸಿದರೂ ಹೊರಗಿನಿಂದ ನೇರವಾಗಿ ಬರಲು ಆಗುವುದಿಲ್ಲ. ಕ್ಯಾಮೆರಾ ಕಂಪನಿಯ ಕ್ಲೌಡ್ ಆ್ಯಪ್ ಬಳಸಬೇಕು, ಇಲ್ಲವೇ ಇಂಟರ್ನೆಟ್ ಕಂಪನಿಯ ಹತ್ತಿರ ಸ್ಟ್ಯಾಟಿಕ್ ಐಪಿ, ಅಂದರೆ ನಿಮ್ಮ ಮನೆಗಷ್ಟೇ ಸೇರಿದ, ಬದಲಾಗದ ಹೊರವಿಳಾಸ ಕೇಳಬೇಕು. ಅದಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡು.

ಡಿಎನ್‌ಎಸ್ ಬಗ್ಗೆ ಎರಡೇ ಮಾತು. ನಾವು ಹೆಸರು ಟೈಪ್ ಮಾಡುತ್ತೇವೆ, ಕಂಪ್ಯೂಟರಿಗೆ ಸಂಖ್ಯೆ ಬೇಕು. ಹೆಸರು ಕೊಟ್ಟರೆ ಸಂಖ್ಯೆ ಹೇಳುವ ವ್ಯವಸ್ಥೆ ಇದು, 1983ರಲ್ಲಿ ರೂಪುಗೊಂಡಿತು. ಇದೊಂದೇ ಕೆಟ್ಟರೂ ವೆಬ್‌ಸೈಟ್ ತೆರೆಯುವುದಿಲ್ಲ. ದೀಪಗಳೆಲ್ಲ ಸರಿಯಿದ್ದೂ ಹೀಗಾದರೆ ರೂಟರಿನ ಡಿಎನ್‌ಎಸ್ ಜಾಗದಲ್ಲಿ ಗೂಗಲ್‌ನ 8.8.8.8 ಹಾಕಿ ನೋಡಬಹುದು.

ನೆಟ್ ಇದೆ, ಆದರೆ ನಿಧಾನ ಅನ್ನುವುದಾದರೆ ಅದರಲ್ಲಿ ಎರಡು ಬಗೆ. ಎಂಬಿಪಿಎಸ್ ಹೇಳುವುದು ಒಂದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಬರುತ್ತದೆ ಅಂತ. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ ಪ್ಲಾನಿನಲ್ಲಿ ಡೌನ್‌ಲೋಡ್ ಸೆಕೆಂಡಿಗೆ 12.5 ಮೆಗಾಬೈಟ್ ತೋರಿಸಿದರೆ ಯಾರೂ ಮೋಸ ಮಾಡಿಲ್ಲ. ಇನ್ನೊಂದು ಪಿಂಗ್: ಒಂದು ಕೋರಿಕೆ ಹೋಗಿ ಉತ್ತರ ಬರಲು ಹಿಡಿಯುವ ಸಮಯ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಹಾಸನದಿಂದ ಬೆಂಗಳೂರು ಮುಟ್ಟಲು ಒಂದು ಮಿಲಿಸೆಕೆಂಡಿನ ಆಸುಪಾಸು ಸಾಕು. ಅದೇ ಹಾಸನದಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿಕೊಳ್ಳುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಅಷ್ಟು ಎತ್ತರದ ಉಪಗ್ರಹದ ಮೂಲಕ ಇಂಟರ್ನೆಟ್ ಬಳಸಿದರೆ ಕೋರಿಕೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡೇ ಬೇಕು. ಎಂಬಿಪಿಎಸ್ ಎಷ್ಟೇ ಇದ್ದರೂ ಆ ತಡ ಕಡಿಮೆಯಾಗದು. ವಿಡಿಯೋ ಕಾಲಿನಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವುದು ಇಂಥ ತಡದಿಂದಲೇ.

ಫೈಬರ್ ಇದ್ದೂ ಒಳಕೋಣೆಯಲ್ಲಿ ಮಾತ್ರ ನಿಧಾನವೇ? ಹಾಗಿದ್ದರೆ ಗೋಡೆ ನೋಡಿ. ಹಳೆಯ ತೋಟದ ಮನೆಗಳ ಕಲ್ಲಿನ, ಮಣ್ಣಿನ ದಪ್ಪ ಗೋಡೆಗಳನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದು ಕಷ್ಟ. 2.4 ಗಿಗಾಹರ್ಟ್ಸ್ ಸ್ವಲ್ಪ ನಿಧಾನ, ಆದರೆ ಜಾಸ್ತಿ ದೂರ ಹೋಗುತ್ತದೆ. ಮಕ್ಕಳ ಆನ್‌ಲೈನ್ ಕ್ಲಾಸೋ ಆಫೀಸ್ ಕೆಲಸವೋ ಒಂದೇ ಕೋಣೆಯಲ್ಲಿ ನಡೆಯುವುದಾದರೆ ಅಲ್ಲಿಯವರೆಗೆ ಒಂದು ಲ್ಯಾನ್ ಕೇಬಲ್ ಎಳೆಸಿಬಿಡಿ. 100 ಮೀಟರ್‌ವರೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಗೋಡೆಯ ಚಿಂತೆ ಇರುವುದಿಲ್ಲ.