ಹಲ್ಲುಸೆಟ್ಟಿನ ಶುಲ್ಕಕ್ಕೆ ಮಂತ್ರಿಗಿರಿ ಬಿಟ್ಟ ಗಣಿ ಕಾರ್ಮಿಕ

1951ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಲೇಬರ್ ಸರ್ಕಾರದ ಮಂತ್ರಿ ಅನೈರಿನ್ ಬೆವನ್ ರಾಜೀನಾಮೆ ಕೊಟ್ಟರು. ಕೊರಿಯಾ ಯುದ್ಧದ ಕಾಲದ ಬಜೆಟ್ ಶಸ್ತ್ರಾಸ್ತ್ರಕ್ಕೆ ಹಣ ಸುರಿದು, ಹಲ್ಲುಸೆಟ್ಟು, ಕನ್ನಡಕಗಳ ಅರ್ಧ ಖರ್ಚನ್ನು ರೋಗಿಗಳ ಮೇಲೆ ಹೊರಿಸಿತ್ತು. ಬೆವನ್ ಮುಂಗೋಪಿ, ನಿಜ. ಆದರೂ ಈ ಜಗಳದ ಬೇರು ಇರುವುದು ಸೌತ್ ವೇಲ್ಸ್‌ನ ಟ್ರೆಡಿಗರ್ ಎಂಬ ಗಣಿ ಊರಿನ ಲೆಕ್ಕಪುಸ್ತಕದಲ್ಲಿ.

1897ರಲ್ಲಿ ಅಲ್ಲೇ ಹುಟ್ಟಿದ ಬೆವನ್ ಹರೆಯಕ್ಕೆ ಬರುವ ಮೊದಲೇ ಗಣಿಗಿಳಿದು, ಹತ್ತೊಂಬತ್ತಕ್ಕೆ ಕಾರ್ಮಿಕ ಸಂಘದ ಘಟಕದ ಅಧ್ಯಕ್ಷರಾದರು. ಮಂದ ಬೆಳಕಿನ ದುಡಿಮೆಯಿಂದ ಕಣ್ಣುಗುಡ್ಡೆ ತಾನಾಗಿ ಅದುರುವ ನಿಸ್ಟಾಗ್ಮಸ್ ಅವರನ್ನು ಕಾಡಿತ್ತು. ಅಪ್ಪ 1925ರಲ್ಲಿ ಕಲ್ಲಿದ್ದಲ ಧೂಳಿನ ಶ್ವಾಸಕೋಶ ರೋಗದಿಂದ ತೀರಿಕೊಂಡರು. ಆಗ ಅದಕ್ಕೆ ಪರಿಹಾರವಿರಲಿಲ್ಲ.

ಟ್ರೆಡಿಗರ್ ಮೆಡಿಕಲ್ ಏಡ್ ಸೊಸೈಟಿ ಎಂಬ ಕಾರ್ಮಿಕರ ಚಿಕಿತ್ಸಾ ನಿಧಿ ಕೂಲಿ ಬಟವಾಡೆಯಲ್ಲೇ ಪೌಂಡಿಗೆ ಮೂರು ಪೆನ್ನಿ ಮುರಿದುಕೊಳ್ಳುತ್ತಿತ್ತು. ಆಗ ಪೌಂಡಿಗೆ 240 ಪೆನ್ನಿ. ಅಂದರೆ ನೂರಕ್ಕೆ ಒಂದೂಕಾಲು. ಹೆಚ್ಚು ದುಡಿದವನು ಹೆಚ್ಚು ಕೊಡುತ್ತಿದ್ದ; ವೈದ್ಯರ ಬಳಿ ಹೋದಾಗ ಯಾರೂ ಜೇಬಿಗೆ ಕೈ ಹಾಕಬೇಕಿರಲಿಲ್ಲ. 1911ರ ಸರ್ಕಾರಿ ವಿಮೆಯ ಚಿಕಿತ್ಸೆ ದುಡಿಯುವವನಿಗಷ್ಟೇ ಸಿಗುತ್ತಿತ್ತು. ಸೊಸೈಟಿಯದು ಹಾಗಲ್ಲ, ಹೆಂಡತಿ ಮಕ್ಕಳಿಗೂ ಅಲ್ಲಿ ಮದ್ದಿತ್ತು. ಇಪ್ಪತ್ತರ ದಶಕದಲ್ಲಿ ಬೆವನ್ ಅದರ ಆಸ್ಪತ್ರೆ ಸಮಿತಿಯಲ್ಲಿದ್ದರು.

ಈ ಏರ್ಪಾಡಿಗೆ ಒಂದು ದೊಡ್ಡ ಕುಂದಿತ್ತು. ಗಣಿ ನಿಂತರೆ ಕೂಲಿಯಿಲ್ಲ, ಕೂಲಿಯಿಲ್ಲದೆ ವಂತಿಗೆಯಿಲ್ಲ. ಮನೆಮನೆಯಲ್ಲೂ ಹೊಟ್ಟೆಗಿಲ್ಲದೆ ಕಾಯಿಲೆ ಹೆಚ್ಚುವ ಹೊತ್ತಿಗೇ ನಿಧಿ ಬತ್ತಬೇಕು. 1926ರಲ್ಲಿ ಮಾಲೀಕರು ತಿಂಗಳುಗಟ್ಟಲೆ ಗಣಿಗಳಿಗೆ ಬೀಗ ಜಡಿದಾಗ ಕಂಡದ್ದು ಈ ಅಪಾಯವೇ. ಒಂದೇ ಕಸುಬನ್ನು ನೆಚ್ಚಿದ ನಿಧಿಗೆ ಇದರಿಂದ ಪಾರಾಗುವ ದಾರಿಯಿಲ್ಲ.

1929ರಲ್ಲಿ ಸಂಸದ, 1945ರಲ್ಲಿ ಆರೋಗ್ಯ ಮಂತ್ರಿ. ಗಣಿಯ ವಂತಿಗೆಯ ಜಾಗಕ್ಕೆ ಬೆವನ್ ಇಡೀ ದೇಶದ ತೆರಿಗೆಯನ್ನು ತಂದರು. ರಾಷ್ಟ್ರೀಯ ಆರೋಗ್ಯ ಸೇವೆ 1948ರ ಜುಲೈ 5ರಂದು ಶುರುವಾಯಿತು. ವೈದ್ಯರು ಸರ್ಕಾರಿ ಸಂಬಳಕ್ಕೆ ಒಪ್ಪಲಿಲ್ಲ. ಕುಟುಂಬ ವೈದ್ಯರಿಗೆ ನೋಂದಾಯಿತ ರೋಗಿಯ ತಲೆಗಿಷ್ಟು ಎಂದಾಯಿತು. ತಜ್ಞರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಖಾಸಗಿ ಹಾಸಿಗೆಗಳನ್ನು ಬಿಟ್ಟುಕೊಡಬೇಕಾಯಿತು.

ಇವೆಲ್ಲ ಅವರು ನುಂಗಿಕೊಂಡ ರಾಜಿಗಳು. ಆದರೆ ಕಾಯಿಲೆ ಬಂದಾಗ ಕಾಸು ಕೇಳಿದರೆ ಟ್ರೆಡಿಗರ್‌ನ ಲೆಕ್ಕವೇ ತಲೆಕೆಳಗು. ಅಲ್ಲೂ ಅವರ ಕೈ ಪೂರ್ತಿ ಚೊಕ್ಕವಲ್ಲ: ಔಷಧ ಚೀಟಿಗೆ ಶುಲ್ಕ ಹಾಕುವ ಅಧಿಕಾರ 1949ರಲ್ಲಿ ಕಾನೂನಿಗೆ ಸೇರಿದ್ದು ಅವರೇ ಮಂತ್ರಿಯಾಗಿದ್ದಾಗ. ಅದನ್ನು ಬಳಸಲು ಅವರು ಬಿಡಲಿಲ್ಲ, ಅಷ್ಟೆ. 1952ರಲ್ಲಿ ಕನ್ಸರ್ವೇಟಿವ್ ಸರ್ಕಾರ ಅದೇ ಅಧಿಕಾರ ಬಳಸಿ ಚೀಟಿಗೆ ಒಂದು ಶಿಲ್ಲಿಂಗ್ ಹಾಕಿತು. ಲೇಬರ್ ಸರ್ಕಾರ 1965ರಲ್ಲಿ ತೆಗೆದು, 1968ರಲ್ಲಿ ತಾನೇ ಮತ್ತೆ ತಂದಿತು. ವೇಲ್ಸ್ ಈ ಶುಲ್ಕವನ್ನು 2007ರಲ್ಲಿ ಕೈಬಿಟ್ಟಿತು. ಇಂಗ್ಲೆಂಡ್ ಇನ್ನೂ ಬಿಟ್ಟಿಲ್ಲ.