ಫೈಬರ್ ಬಾಡಿಯ ಕಾರಿಗೆ ಜ್ಯಾಕ್ ಅಡಾಪ್ಟರ್: ಭಾರ ಎಲ್ಲಿ ಕೂರಬೇಕು?

ತಗಡಿನ ಬಾಡಿಯ ಕಾರುಗಳಲ್ಲಿ ಬಾಗಿಲಿನ ಕೆಳಗೆ ಬರುವ ಬಾಡಿಯ ಅಂಚನ್ನು ಜ್ಯಾಕ್ ಕೊಡಲೆಂದೇ ಬಲಪಡಿಸಿರುತ್ತಾರೆ. ಫೈಬರ್‌ಗ್ಲಾಸ್ ಬಾಡಿಯಲ್ಲಿ ಅದೇ ಜಾಗದಲ್ಲಿರುವುದು ಗಾಜಿನ ನಾರು ಮತ್ತು ಅದನ್ನು ಹಿಡಿದಿಡುವ ಗಟ್ಟಿ ಅಂಟಾದ ರೆಸಿನ್‌ನ ಕೆಲವೇ ಮಿಲಿಮೀಟರ್ ದಪ್ಪದ ಹಾಳೆ. ಎಳೆತವನ್ನು ಅದು ಚೆನ್ನಾಗಿ ತಡೆದುಕೊಳ್ಳುತ್ತದೆಯಾದರೂ, ಒಂದೇ ಕಡೆ ಒತ್ತಿದರೆ ರೆಸಿನ್ ಬಿರಿದು ಪದರಗಳು ಒಳಗೊಳಗೇ ಬಿಟ್ಟುಕೊಳ್ಳುತ್ತವೆ. ಭಾರ ಇಳಿದ ಮೇಲೆ ಹಾಳೆ ಮೊದಲಿನ ಆಕಾರಕ್ಕೇ ಮರಳುವುದರಿಂದ ಹಾನಿ ಕಣ್ಣಿಗೆ ಬೀಳದೆ ಹೋಗಬಹುದು. ಜೆಲ್‌ಕೋಟ್ (ಬಾಡಿಯ ಹೊರಗಿನ ನಯವಾದ ರೆಸಿನ್ ಪದರ) ಮೇಲೆ ನಕ್ಷತ್ರದಂತೆ ಹರಡಿದ ಸಣ್ಣ ಬಿರುಕುಗಳಿದ್ದರೆ ನಾಣ್ಯದಿಂದ ತಟ್ಟಿ ನೋಡಬೇಕು: ಗಟ್ಟಿ ಜಾಗದಲ್ಲಿ ಸದ್ದು ಚುರುಕಾಗಿರುತ್ತದೆ, ಪದರ ಬಿಟ್ಟಲ್ಲಿ ಮಂದವಾಗಿರುತ್ತದೆ.

ಆದ್ದರಿಂದ ಜ್ಯಾಕಿಗೂ ಕಾರಿಗೂ ನಡುವೆ ಇಡುವ ಅಡಾಪ್ಟರ್‌ನ ಮುಖ್ಯ ಕೆಲಸ ಜ್ಯಾಕಿನ ಬಲವನ್ನು ಬಾಡಿಗೆ ತಾಗಿಸದೆ ಉಕ್ಕಿನ ಚಾಸಿಸ್‌ಗೆ, ಅಂದರೆ ಕಾರಿನ ಅಡಿಯ ಚೌಕಟ್ಟಿಗೆ, ತಲುಪಿಸುವುದು. ರಿಲಯಂಟ್ ಕಿಟನ್ ಆಧರಿಸಿ 1980ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ನಮ್ಮ ಸಿಪಾನಿ ಡಾಲ್ಫಿನ್‌ನಲ್ಲೂ, 1953ರ ಕಾರ್ವೆಟ್ ಮತ್ತು 1962ರ ಲೋಟಸ್ ಎಲಾನ್‌ಗಳಲ್ಲೂ ಫೈಬರ್ ಬಾಡಿಯ ಅಡಿಯಲ್ಲಿ ಪ್ರತ್ಯೇಕ ಉಕ್ಕಿನ ಚಾಸಿಸ್ ಇದೆ. 1957ರ ಲೋಟಸ್ ಎಲೀಟ್‌ನಂತೆ ಬಾಡಿಯೇ ಚಾಸಿಸ್ ಆಗಿರುವ ಕಾರಿನಲ್ಲಿ ಮಾತ್ರ ತಯಾರಕರು ಗುರುತಿಸಿದ ಜಾಗಗಳನ್ನು ಬಿಟ್ಟು ಬೇರೆಲ್ಲಿಯೂ ಎತ್ತಬಾರದು.

ಒತ್ತಡದ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. 700 ಕೆಜಿ ತೂಕದ ಕಾರಿನ ಒಂದು ಪಕ್ಕವನ್ನು ನಡುವಿನಿಂದ ಎತ್ತಿದರೆ ಜ್ಯಾಕಿನ ಮೇಲೆ ಸುಮಾರು 350 ಕೆಜಿ, ಅಂದರೆ ಹೆಚ್ಚುಕಡಿಮೆ 3,430 ನ್ಯೂಟನ್ ಬೀಳುತ್ತದೆ. ಚಕ್ರಗಳಿರುವ ಟ್ರಾಲಿ ಜ್ಯಾಕಿನ ತಲೆಯ ನಾಲ್ಕು ಹಲ್ಲುಗಳು ಒಟ್ಟು 400 ಚದರ ಮಿ.ಮೀ. ಮಾತ್ರ ತಾಗುತ್ತವೆ ಎಂದುಕೊಂಡರೆ ಒತ್ತಡ ಚದರ ಮಿ.ಮೀ.ಗೆ ಸುಮಾರು 8.6 ನ್ಯೂಟನ್. 100 × 60 ಮಿ.ಮೀ. ಪ್ಲೇಟ್ ಇಟ್ಟರೆ ಅದು 0.57ಕ್ಕೆ ಇಳಿಯುತ್ತದೆ. ಹೀಗೆ ಇಳಿಯಿತೆಂದು ಪ್ಲೇಟನ್ನು ಬಾಡಿಯ ಅಂಚಿಗೇ ಕೊಡುವುದು ತಪ್ಪು. ಅಂಚು ಮೇಲಕ್ಕೆ ಬಾಗಿದಾಗ ಬಾಡಿಯನ್ನು ಚಾಸಿಸ್‌ಗೆ ಹಿಡಿದಿರುವ ಬೋಲ್ಟ್‌ಗಳ ಸುತ್ತಲೇ ಫೈಬರ್ ಬಿರಿಯುತ್ತದೆ.

ಕರಾವಳಿಯ ಉಪ್ಪು ಗಾಳಿಗೆ ಹಳೆಯ ಚಾಸಿಸ್ ಒಳಗಿನಿಂದಲೇ ತುಕ್ಕು ಹಿಡಿದಿರಬಹುದು. ಚಾಸಿಸ್‌ಗೆ ಅಡ್ಡಪಟ್ಟಿ ಬಂದು ಸೇರುವ ಜಾಗವನ್ನು ಆರಿಸಿ, ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿದ ಬಳಿಕವೇ ಅಳತೆ ತೆಗೆದುಕೊಳ್ಳಬೇಕು. ಬಾಡಿಯ ಅಂಚು ಚಾಸಿಸ್‌ಗಿಂತ 35 ಮಿ.ಮೀ. ಕೆಳಗೆ ಇಳಿದಿದ್ದರೆ, ರಬ್ಬರ್ ಅದುಮಿಕೊಳ್ಳುವುದನ್ನೂ ಸೇರಿಸಿ ಅಡಾಪ್ಟರ್‌ನ ಎತ್ತರವನ್ನು 50 ಮಿ.ಮೀ. ಇಡುವುದು ಸೂಕ್ತ. ಮೊದಲು ರಟ್ಟಿನಲ್ಲಿ ಕತ್ತರಿಸಿ ಹಿಡಿದು ನೋಡಿದರೆ ಸೈಲೆನ್ಸರ್ ಪೈಪ್ ಅಥವಾ ಬ್ರೇಕ್ ಪೈಪ್ ಅಡ್ಡ ಬರುವುದು ಆಗಲೇ ಗೊತ್ತಾಗುತ್ತದೆ.

ಮೇಲ್ಭಾಗಕ್ಕೆ 6 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಪ್ಲೇಟ್, ಚಾಸಿಸ್ ಜಾರದಂತೆ ಅದರ ಎರಡು ಬದಿಗೆ ಗಿಡ್ಡ ಕಿವಿಗಳು, ಒಳಗೆ ರಬ್ಬರ್ ಪಟ್ಟಿ. ಕೆಳಗೆ ಜ್ಯಾಕಿನ ತಲೆಯ ಗುಳಿಯೊಳಗೆ ಸಡಿಲವಿಲ್ಲದೆ ಕೂರುವ ದುಂಡನೆಯ ತುಂಡು. ಈ ತುಂಡನ್ನು ಮಾತ್ರ ಲೇತ್‌ನಲ್ಲೇ ಮಾಡಿಸಬೇಕು. ಮಂಗಳೂರಿನ ಕೈಗಾರಿಕಾ ಪ್ರದೇಶವಾದ ಬೈಕಂಪಾಡಿಯ ಕಡೆ ಟರ್ನಿಂಗ್ ಕೆಲಸ ಮಾಡುವವರಿಗೆ ಜ್ಯಾಕಿನ ತಲೆಯನ್ನೇ ಬಿಚ್ಚಿ ಒಯ್ದು ಕೊಟ್ಟರೆ ಅಳತೆ ತಪ್ಪುವುದಿಲ್ಲ. ಟ್ರಾಲಿ ಜ್ಯಾಕಿನ ತಲೆ ನೇರವಾಗಿ ಏರದೆ ಕಮಾನಿನಲ್ಲಿ ಸಾಗುತ್ತದೆ. ಜ್ಯಾಕಿನ ಚಕ್ರಗಳು ಉರುಳದೆ ನಿಂತರೆ ಅಡಾಪ್ಟರ್ ಓರೆಯಾಗುತ್ತದೆ. ಅದಕ್ಕಾಗಿಯೇ ಅದರ ಎತ್ತರ ತಳದ ಅಗಲವನ್ನು ಮೀರಬಾರದು, ಹಾಗೂ ಮಳೆಗಾಲದಲ್ಲಿ ನೆನೆದು ಮೆತ್ತಗಾದ ಕೆಂಪುಮಣ್ಣಿನ ಅಂಗಳದಲ್ಲಿ ಜ್ಯಾಕ್ ಇಡಲೇಬಾರದು. ಗಟ್ಟಿ ಕಾಂಕ್ರೀಟ್ ನೆಲವೇ ಬೇಕು.

ಮೊದಲ ಬಾರಿ ಚಕ್ರ ನೆಲ ಬಿಡುವಷ್ಟು ಮಾತ್ರ ಎತ್ತಿ, ಅಡಾಪ್ಟರ್‌ಗೂ ಬಾಡಿಯ ಅಂಚಿಗೂ ನಡುವೆ ಕಾಗದ ಸರಾಗವಾಗಿ ಆಡುತ್ತದೆಯೇ ಎಂದು ಸುತ್ತಲೂ ಪರೀಕ್ಷಿಸಬೇಕು. ಕಾಗದ ಸಿಕ್ಕಿಕೊಂಡಲ್ಲಿ ಭಾರ ಫೈಬರ್ ಮೇಲೆ ಬೀಳುತ್ತಿದೆ ಎಂದರ್ಥ; ಕಾರನ್ನು ಇಳಿಸಿ ಕಿವಿಯನ್ನು ಗ್ರೈಂಡ್ ಮಾಡಬೇಕು. ಅಡಾಪ್ಟರ್ ಎಷ್ಟೇ ಚೆನ್ನಾಗಿ ಕೂತಿದ್ದರೂ, ಚಾಸಿಸ್‌ಗೆ ಜ್ಯಾಕ್ ಸ್ಟ್ಯಾಂಡ್ (ಎತ್ತಿದ ಕಾರನ್ನು ಹೊತ್ತು ನಿಲ್ಲುವ ಆಸರೆ) ಕೊಡದೆ ಯಾರೂ ಕಾರಿನ ಅಡಿಗೆ ಹೋಗಕೂಡದು.